ಮಳೆ ನಿಂತರೂ ಮರದ ಹನಿ ನಿಲ್ಲದು

ರಾಯಚೂರು ಸೀಮೆಯವರು ಮಳೆಗೆ ಅಂಜಿದವರಲ್ಲ, ಮಳೆ ಬಾರದ್ದಕ್ಕೆ ಅಂಜಿದವರು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದ ಈ ನಡುವಿನ ನೆಲ ಮಾತ್ರ ಎರಡು ಹೊಳೆಗಳ ಮಧ್ಯೆ ಇದ್ದೂ ಬಾಯಾರಿದ್ದು. ಮುಗಿಲು ಮುನಿದಾಗ ಗುರ್ಜಿ ಹೊತ್ತು ಮನೆಮನೆಯ ಮುಂದೆ ತಲೆಯ ಮೇಲೆ ನೀರು ಹುಯ್ಯಿಸಿಕೊಂಡ ಜನ ಇವರು. ಇಂಥವರ ಮೇಲೆ 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಬೇಡವೆಂದರೂ ಬಿಡದ ಮಳೆ ಸುರಿಯಿತು. ಹೊಳೆಗಳು ದಂಡೆ ಮೀರಿದವು. ಅಕ್ಟೋಬರ್ 2ರಂದು ತುಂಗಭದ್ರೆಯ ದಂಡೆಯ ಮಂತ್ರಾಲಯವೇ ನೀರಿನಲ್ಲಿ ನಿಂತಿತು. ಉತ್ತರ ಕರ್ನಾಟಕದಲ್ಲಿ ಆ ಕೆಲವೇ ದಿನಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು.

ಸತ್ತವರೆಲ್ಲ ಹೊಳೆಯ ಪಾಲಾದವರಲ್ಲ. ಮಾನ್ವಿ ತಾಲ್ಲೂಕಿನ ನೀರಮಾನ್ವಿಯಂಥ ಊರುಗಳ ಹಳೆಯ ಮನೆಗಳನ್ನು ಕಂಡವರಿಗೆ ಇದರ ಕಾರಣ ತಿಳಿಯುತ್ತದೆ. ಕಲ್ಲುಮಣ್ಣಿನ ದಪ್ಪ ಗೋಡೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಮೆತ್ತಿದ ಮಣ್ಣಿನ ಮಾಳಿಗೆ. ಬೇಸಿಗೆಯ ಬಿಸಿಲಿಗೆ ಇಷ್ಟು ತಂಪಾದ ಮನೆ ಇನ್ನೊಂದಿಲ್ಲ. ಆದರೆ ಎರಡು ಮೂರು ದಿನ ಬಿಡದೆ ನೆನೆದರೆ ಅದೇ ಗೋಡೆ, ಅದೇ ಮಾಳಿಗೆ ರಾತ್ರಿ ಮಲಗಿದವರ ಮೇಲೆ ಬರುತ್ತದೆ. ಆ ವರ್ಷ ಹಾಗೆಯೇ ಆಯಿತು.

ಈಗ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಣ್ಣ ತಮ್ಮ ಇಬ್ಬರೂ ಒಂದೇ ರಾತ್ರಿ, ಒಂದೇ ಮಾಳಿಗೆಯ ಕೆಳಗೆ ಸಿಕ್ಕಿಬಿದ್ದು ಪಾರಾದವರು. ತಮ್ಮ ಮೂರು ತಿಂಗಳಿಗೆ ಹೊಲಕ್ಕೆ ಹೊರಟ. ಆ ರಾತ್ರಿಯ ಕಥೆಯನ್ನು ಕಟ್ಟೆಯ ಮೇಲೆ ಕುಳಿತು ಹತ್ತು ಸಲ ಹೇಳಿದ, ಹೇಳುತ್ತ ಹೇಳುತ್ತ ಅದು ಅವನಿಗೆ ಹಳೆಯದಾಯಿತು. ಅಣ್ಣನಿಗೆ ಹಾಗಾಗಲಿಲ್ಲ. ಮೋಡ ಕಟ್ಟಿದರೆ ಅವನ ಕೈ ಬೆವರುತ್ತದೆ. ಮಣ್ಣು ನೆನೆದ ವಾಸನೆ ಬಂದರೆ ಊಟ ಬಿಟ್ಟು ಏಳುತ್ತಾನೆ. ರಾತ್ರಿ ಮಾಳಿಗೆಯ ಕೆಳಗೆ ಮಲಗಲಾರ, ಹೊರಗೆ ಕಟ್ಟೆಯ ಮೇಲೆ ಕುಳಿತೇ ಬೆಳಗು ಮಾಡುತ್ತಾನೆ. ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತಾನೆ. ಊರವರು "ಅವಗ ಅಂಜಿಕಿ ಹೊಕ್ಕೈತಿ" ಎನ್ನುತ್ತಾರೆ, ಕೆಲವರು "ಗಾಳಿ ಬಡದೈತಿ" ಎನ್ನುತ್ತಾರೆ. ಅಂತ್ರ ಕಟ್ಟಿಸುತ್ತಾರೆ. ಇನ್ನೂ ಕೆಲವರು, ಇದೇ ಹೆಚ್ಚು ಕ್ರೂರವಾದದ್ದು, "ತಮ್ಮಗ ಇಲ್ಲದ್ದು ಇವಗೇನು ಬಂತು?" ಎಂದು ಕೇಳುತ್ತಾರೆ.

ಕೇಳುವ ಧಾಟಿ ಕ್ರೂರವಾದರೂ ಪ್ರಶ್ನೆ ಮಾತ್ರ ಸರಿಯಾದದ್ದೇ. ಕಳೆದ ನಾಲ್ಕೂವರೆ ದಶಕಗಳಿಂದ ಜಗತ್ತಿನ ಮನೋವೈದ್ಯರು ಕೇಳುತ್ತಿರುವುದೂ ಇದನ್ನೇ. ಒಂದೇ ಆಘಾತ ಇಬ್ಬರ ಮೇಲೆ ಬಿದ್ದಾಗ ಒಬ್ಬ ಚೇತರಿಸಿಕೊಂಡು ಇನ್ನೊಬ್ಬ ಏಕೆ ಕಾಯಿಲೆ ಬೀಳುತ್ತಾನೆ?

ಮೊದಲು ಕಾಯಿಲೆಯ ವಿಷಯ. ಇದಕ್ಕೆ ಆಘಾತೋತ್ತರ ಒತ್ತಡದ ಕಾಯಿಲೆ ಎಂದು ಹೆಸರು. ವೈದ್ಯರು ಚುಟುಕಾಗಿ ಪಿಟಿಎಸ್‌ಡಿ ಎನ್ನುತ್ತಾರೆ. ನಮ್ಮಲ್ಲಿ ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ ಎಂಬ ಮಾತಿದೆಯಲ್ಲ, ಕಾಯಿಲೆಯ ಅರ್ಧ ಲಕ್ಷಣ ಆ ಒಂದು ಮಾತಿನಲ್ಲೇ ಇದೆ. ಮಿಕ್ಕ ಅರ್ಧ ಹೀಗೆ: ಸಾಮಾನ್ಯವಾಗಿ ನೆನಪು ಎಂದರೆ ನಾವು ಕರೆದಾಗ ಬರುವಂಥದು, ಟ್ರಂಕಿನಲ್ಲಿ ಮಡಿಸಿಟ್ಟ ಬಟ್ಟೆಯ ಹಾಗೆ. ಈ ಕಾಯಿಲೆಯಲ್ಲಿ ನೆನಪು ಕರೆಯದೆ ಬರುತ್ತದೆ, ಬಂದಾಗ ಹಳೆಯದಾಗಿ ಬರುವುದಿಲ್ಲ, ಈ ಕ್ಷಣ ನಡೆಯುತ್ತಿರುವಂತೆ ಬರುತ್ತದೆ. ಕನಸಿನಲ್ಲಿ ಬರುತ್ತದೆ, ವಾಸನೆಯ ಜೊತೆ ಬರುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಮನುಷ್ಯ ಆ ಜಾಗ, ಆ ಜನ, ಆ ಮಾತು ಎಲ್ಲವನ್ನೂ ದೂರ ಇಡುತ್ತಾನೆ. ಮನಸ್ಸು ಮರಗಟ್ಟುತ್ತದೆ. ಮೈ ಮಾತ್ರ ಸದಾ ಕಾವಲು ಕಾಯುತ್ತಿರುತ್ತದೆ, ಬಾಗಿಲು ಬಡಿದರೂ ಎದೆ ಝಲ್ಲೆನ್ನುತ್ತದೆ.

ಆಘಾತವಾದ ಮೊದಲ ಕೆಲವು ವಾರ ಇಂಥ ಕಳವಳ ಬಹುತೇಕ ಎಲ್ಲರಿಗೂ ಇರುವುದೇ, ಅದು ಕಾಯಿಲೆಯಲ್ಲ. ಒಂದು ತಿಂಗಳು ದಾಟಿಯೂ ಇಳಿಯದೆ, ಬದುಕಿನ ಕೆಲಸ ಕಾರ್ಯಗಳನ್ನು ಕೆಡಿಸತೊಡಗಿದರೆ ಮಾತ್ರ ವೈದ್ಯರು ಈ ಹೆಸರನ್ನು ಹಚ್ಚುತ್ತಾರೆ.

ಹೆಸರು ಬಂದದ್ದು 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಸಂಕಟ ಅದಕ್ಕೆ ಮುಖ್ಯ ಕಾರಣವಾಗಿತ್ತು. ಕಾಯಿಲೆ ಮಾತ್ರ ಬಹಳ ಹಳೆಯದು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ನಡುಗುತ್ತ, ಮಾತು ನಿಂತು ಕುಳಿತವರನ್ನು ಕಂಡು ಚಾರ್ಲ್ಸ್ ಮಯರ್ಸ್ ಎಂಬ ವೈದ್ಯ 1915ರಲ್ಲಿ 'ಶೆಲ್ ಶಾಕ್' ಎಂಬ ಮಾತನ್ನು ವೈದ್ಯಪತ್ರಿಕೆಯಲ್ಲಿ ಬಳಸಿದ. ಸಿಡಿಗುಂಡಿನ ಸದ್ದಿಗೆ ಮೆದುಳೇ ಅದುರಿದೆ ಎಂದು ಮೊದಮೊದಲು ನಂಬಿದ್ದರು. ಗುಂಡು ಸಿಡಿದ ಜಾಗದ ಹತ್ತಿರವೂ ಸುಳಿಯದವರಲ್ಲಿ ಅದೇ ಲಕ್ಷಣ ಕಂಡಾಗ ಆ ನಂಬಿಕೆ ಸಡಿಲವಾಯಿತು. ಆಗ ಇನ್ನೊಂದು ತಪ್ಪು ನಂಬಿಕೆ ಅದರ ಜಾಗಕ್ಕೆ ಬಂತು: ಇವರು ಹೇಡಿಗಳು. ಅಣ್ಣನನ್ನು ಕೇಳುವ ನಮ್ಮ ಊರವರ ಪ್ರಶ್ನೆಯಲ್ಲೂ ಇದೇ ದನಿ ಇದೆ.

ಕಾಕತಾಳೀಯವೆಂಬಂತೆ ಅದೇ 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಬಂಡೆಯ ಮೇಲಿನ ಅಶೋಕನ ಶಾಸನ ಬಿತ್ತು. 'ದೇವಾನಾಂಪಿಯ' ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರು ಓದಲು ಸಿಕ್ಕಿದ್ದು ಆಗಲೇ. ಇದೇ ದೊರೆ ಬೇರೆಡೆ ಕೆತ್ತಿಸಿದ ಹದಿಮೂರನೆಯ ಬಂಡೆಶಾಸನದಲ್ಲಿ ಕಳಿಂಗದ ಯುದ್ಧದ ಮಾತು ಬರುತ್ತದೆ. ಲಕ್ಷ ಜನ ಸತ್ತದ್ದು, ಒಂದೂವರೆ ಲಕ್ಷ ಜನ ಸೆರೆಯಾಗಿ ಹೋದದ್ದು ಎಲ್ಲರೂ ಬಲ್ಲ ಸಂಗತಿ. ಅಷ್ಟಾಗಿ ಯಾರೂ ಗಮನಿಸದ ಮಾತೊಂದು ಅದರಲ್ಲಿದೆ: ತಮಗೆ ಏನೂ ಆಗದೆ ಸುರಕ್ಷಿತವಾಗಿ ಉಳಿದವರಿಗೂ, ಅವರ ನಂಟರು ಗೆಳೆಯರಿಗೆ ಬಂದ ದುಃಖದಿಂದಾಗಿ ಪೆಟ್ಟು ಬಿದ್ದಂತೆಯೇ ಎಂದು ದೊರೆ ಹೇಳಿಸಿದ್ದಾನೆ. ಗಾಯವಾಗದವರಿಗೂ ಗಾಯವಾಗುತ್ತದೆ ಎಂಬ ಈ ಮಾತನ್ನು ವೈದ್ಯಶಾಸ್ತ್ರ ಒಪ್ಪಲು ಎರಡು ಸಾವಿರದ ಇನ್ನೂರು ವರ್ಷ ಬೇಕಾಯಿತು. ಇದೇ ದೋಆಬಿನ ಮೇಲೆ ವಿಜಯನಗರದವರೂ ಬಹಮನಿಯವರೂ ಬಿಜಾಪುರದವರೂ ಎಷ್ಟು ಸಲ ದಂಡೆತ್ತಿ ಬಂದರೋ. 1520ರ ರಾಯಚೂರು ಕದನ ಅವುಗಳಲ್ಲಿ ಹೆಸರಾದದ್ದು. ಕಾಳಗದಲ್ಲಿ ಮಡಿದವನಿಗೆ ವೀರಗಲ್ಲು ನಿಲ್ಲಿಸುವ ಪದ್ಧತಿ ನಮ್ಮದು. ಮಡಿಯದೆ ಮರಳಿ ಬಂದು, ಮುಂದೆ ಇಪ್ಪತ್ತು ವರ್ಷ ರಾತ್ರಿ ಬೆಚ್ಚಿಬಿದ್ದವನಿಗೆ ಯಾವ ಕಲ್ಲೂ ಇಲ್ಲ.

ಹಾಗಾದರೆ ಯಾರಿಗೆ ಬರುತ್ತದೆ? ಆಘಾತ ಅನುಭವಿಸಿದವರಿಗೆಲ್ಲ ಬರುತ್ತದೆ ಎಂಬ ಕಲ್ಪನೆಯನ್ನು ಮೊದಲು ಬಿಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ ನೂರಕ್ಕೆ ಎಪ್ಪತ್ತು ಮಂದಿ ತಮ್ಮ ಬದುಕಿನಲ್ಲಿ ಒಂದಾದರೂ ಘೋರ ಆಘಾತವನ್ನು ಕಂಡವರು. ಹಾಗೆ ಕಂಡವರಲ್ಲಿ ಈ ಕಾಯಿಲೆ ಬಂದದ್ದು ನೂರಕ್ಕೆ ಐದಾರು ಮಂದಿಗೆ. ಮನುಷ್ಯನ ಮನಸ್ಸು ನಾವು ತಿಳಿದುಕೊಂಡಷ್ಟು ಮೆತುವಲ್ಲ. ಆದರೆ ಎಲ್ಲ ಆಘಾತವೂ ಒಂದೇ ತೂಕದ್ದಲ್ಲ. ಅಮೆರಿಕದಲ್ಲಿ 1995ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರಲ್ಲಿ ಪ್ರಕೃತಿ ವಿಕೋಪಕ್ಕೆ ಸಿಕ್ಕಿದವರಲ್ಲಿ ಕಾಯಿಲೆ ನೂರಕ್ಕೆ ಐದಾರನ್ನು ದಾಟಲಿಲ್ಲ. ಅತ್ಯಾಚಾರಕ್ಕೆ ಒಳಗಾದ ಹೆಂಗಸರಲ್ಲಿ ಅದು ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯನ್ನು ಹಿಡಿದಿತ್ತು.

ಈ ಅಂತರ ಯೋಚಿಸತಕ್ಕದ್ದು. ಹೊಳೆಗೆ ನಮ್ಮ ಮೇಲೆ ಹಗೆಯಿಲ್ಲ. ಮನುಷ್ಯ ಬೇಕೆಂದೇ ಮಾಡಿದ ಕೇಡು ಹಾಗಲ್ಲ, ಅದು ಮೈಯ ಜೊತೆ ನಂಬಿಕೆಯನ್ನೂ ಮುರಿಯುತ್ತದೆ. 2000ದ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. ಅಂಥ ಕಡೆ ಉಳಿದವರಿಗೆ ಬೆಂಕಿಯ ನೆನಪೊಂದೇ ಅಲ್ಲ, ಅದನ್ನು ಹಚ್ಚಿದವರಿಗೆ ಏನೂ ಆಗಲಿಲ್ಲ ಎಂಬ ಅರಿವೂ ದಿನಾ ಎದುರಾಗುತ್ತದೆ. ಆಘಾತ ಮುಗಿದುಹೋದದ್ದು ಎಂದು ಅವರ ಮನಸ್ಸಿಗೆ ಹೇಳುವುದು ಹೇಗೆ?

ಪ್ರಕೃತಿಯ ಆಘಾತದಲ್ಲೂ ಪೆಟ್ಟಿನ ತೂಕಕ್ಕೆ ಬೆಲೆಯಿದೆ. 1988ರ ಆರ್ಮೇನಿಯಾ ಭೂಕಂಪದ ನಂತರ ಮಕ್ಕಳನ್ನು ಪರೀಕ್ಷಿಸಿದಾಗ ಕಂಪನದ ಕೇಂದ್ರಕ್ಕೆ ಹತ್ತಿರದ ಊರಿನ ಮಕ್ಕಳಲ್ಲಿ ಕಾಯಿಲೆ ಹೆಚ್ಚು, ದೂರ ಹೋದಂತೆ ಕಡಿಮೆ ಎಂದು ಕಂಡಿತ್ತು. ನಮ್ಮ ಗಡಿಯಾಚೆಯ ಕಿಲ್ಲಾರಿಯ ಭೂಕಂಪ ಹಿರಿಯರಿಗೆ ನೆನಪಿರುತ್ತದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿಯನ್ನು ಕಳಿಸಿ ಬಂದು ಜನ ಗಾಢವಾಗಿ ಮಲಗಿದ್ದ ಹೊತ್ತು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಕಲ್ಲುಮಣ್ಣಿನ ಗೋಡೆಗಳ ಕೆಳಗೆ ಸತ್ತರು. ಅಲ್ಲಿ ಉಳಿದವರ ನಡುವೆ ನಡೆದು 1996ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಣ್ಣದು, ಆದರೂ ಅದರ ಮಾತು ಗಮನಿಸಬೇಕಾದದ್ದು: ಪರೀಕ್ಷಿಸಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು, ಅದು ಹೆಂಗಸರಲ್ಲಿ ಮತ್ತು ಮನೆಮಾರು ಆಸ್ತಿ ಕಳೆದುಕೊಂಡವರಲ್ಲಿ ಹೆಚ್ಚಾಗಿತ್ತು.

ಹೆಂಗಸರಲ್ಲಿ ಹೆಚ್ಚು ಎಂಬುದು ಜಗತ್ತಿನ ಬಹುಪಾಲು ಸಮೀಕ್ಷೆಗಳಲ್ಲಿ ಕಾಣುವ ಮಾತು, ಗಂಡಸರ ಸುಮಾರು ಎರಡರಷ್ಟು. ಹೆಂಗಸಿನ ಮನಸ್ಸು ಮೆತು ಎಂದು ಇದಕ್ಕೆ ಅರ್ಥ ಹೇಳುವುದು ಸೋಮಾರಿತನ. ಅವರಿಗೆ ಸಿಗುವ ಆಘಾತಗಳ ಜಾತಿಯೇ ಬೇರೆ. ಲೈಂಗಿಕ ಹಿಂಸೆ, ಮನೆಯೊಳಗಿನ ಹೊಡೆತ, ಅದೂ ಒಂದು ಸಲವಲ್ಲ, ವರ್ಷಗಟ್ಟಲೆ. ರಾಯಚೂರು, ಕೊಪ್ಪಳ, ಬಳ್ಳಾರಿ, ಬೆಳಗಾವಿ ಸೀಮೆಗಳಲ್ಲಿ ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಯರನ್ನು ನೆನೆಯಿರಿ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕರ್ನಾಟಕದ ಕಾನೂನು 1982ರದು. ಅದಾದ ಮೇಲೆ ರಾಜ್ಯ ಸರಕಾರ ಎರಡು ಸಲ ನಡೆಸಿದ ಗಣತಿಯಲ್ಲಿ ಲೆಕ್ಕಕ್ಕೆ ಸಿಕ್ಕ ಹೆಂಗಸರು 46 ಸಾವಿರಕ್ಕೂ ಹೆಚ್ಚು. ಮೈನೆರೆಯುವ ವಯಸ್ಸಿನಲ್ಲೇ ಪರರ ಪಾಲಾದ ಹುಡುಗಿ ಮುಂದೆ ನೆರೆಯನ್ನೋ ಬೆಂಕಿಯನ್ನೋ ಎದುರಿಸಿದರೆ, ಅವಳಿಗೆ ಅದು ಮೊದಲ ಆಘಾತವಲ್ಲ.

ಇಲ್ಲಿ ಒಂದು ಮುಖ್ಯ ಸಂಗತಿಯಿದೆ. ಹಿಂದಿನ ಆಘಾತ ಮನುಷ್ಯನನ್ನು ಗಟ್ಟಿ ಮಾಡುತ್ತದೆ ಎಂದು ನಾವು ತಿಳಿಯುತ್ತೇವೆ, ಕಷ್ಟ ಕಂಡ ಜೀವ ತಡೆದುಕೊಳ್ಳುತ್ತದೆ ಎನ್ನುತ್ತೇವೆ. ಅಧ್ಯಯನಗಳು ಹೇಳುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಬಾಲ್ಯದಲ್ಲಿ ಹಿಂಸೆ ಕಂಡವರಲ್ಲಿ, ಮೊದಲೇ ಆಘಾತಕ್ಕೆ ಸಿಕ್ಕಿದವರಲ್ಲಿ, ಖಿನ್ನತೆಯಂಥ ಕಾಯಿಲೆ ಮುಂಚೆಯೇ ಇದ್ದವರಲ್ಲಿ ಅಥವಾ ಮನೆತನದಲ್ಲಿ ಇದ್ದವರಲ್ಲಿ ಹೊಸ ಪೆಟ್ಟು ಕಾಯಿಲೆಯಾಗಿ ತಿರುಗುವುದು ಹೆಚ್ಚು. ನೆನೆದು ಒಣಗಿದ ಗೋಡೆಯ ಹಾಗೆ. ಹೊರಗಿನಿಂದ ನೆಟ್ಟಗೆ ನಿಂತಿದೆ, ಒಳಗೆ ಬಿರುಕು ಬಿಟ್ಟಿದೆ. 2009ರ ನೆರೆ ಕಂಡ ಜಿಲ್ಲೆಯಲ್ಲಿ 2019ರ ಆಗಸ್ಟಿನಲ್ಲಿ ಕೃಷ್ಣೆ ಮತ್ತೆ ಉಕ್ಕಿ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿತು. ಎರಡನೆಯ ನೆರೆ ಎಂದರೆ ಜನಕ್ಕೆ ರೂಢಿಯಾಗಿದೆ ಎಂದುಕೊಳ್ಳುವ ಅಧಿಕಾರಿ ತಪ್ಪುತ್ತಾನೆ.

ಹುಟ್ಟಿನಿಂದ ಬಂದದ್ದೂ ಸ್ವಲ್ಪ ಇದೆ. ವಿಯೆಟ್ನಾಂ ಕಾಲದ ಸೈನಿಕರಾಗಿದ್ದ ಅವಳಿಗಳ ಅಧ್ಯಯನದಲ್ಲಿ, ಒಬ್ಬನಿಗೂ ಇನ್ನೊಬ್ಬನಿಗೂ ಇರುವ ಲಕ್ಷಣಗಳ ವ್ಯತ್ಯಾಸದಲ್ಲಿ ಸುಮಾರು ಮೂರನೆಯ ಒಂದು ಪಾಲು ವಂಶವಾಹಿಯದು ಎಂದು 1993ರಲ್ಲಿ ಲೆಕ್ಕ ಹಾಕಿದರು. 2002ರಲ್ಲಿ ಇನ್ನೊಂದು ಚೆಂದದ ಪ್ರಯೋಗ ಬಂತು. ಕಾಯಿಲೆ ಬಿದ್ದ ಸೈನಿಕರ ಮೆದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಹಿಪ್ಪೋಕ್ಯಾಂಪಸ್ ಎಂಬ ಭಾಗ ಚಿಕ್ಕದಾಗಿರುವುದು ಆಗಲೇ ತಿಳಿದಿತ್ತು. ಯುದ್ಧದ ಒತ್ತಡ ಅದನ್ನು ಕುಗ್ಗಿಸಿತು ಎಂದು ಹಲವರ ಎಣಿಕೆ. ಆದರೆ ಯುದ್ಧಕ್ಕೆ ಹೋಗದೆ ಮನೆಯಲ್ಲೇ ಇದ್ದ ಅವರ ತದ್ರೂಪಿ ಅವಳಿಗಳಲ್ಲೂ ಆ ಭಾಗ ಚಿಕ್ಕದಾಗಿಯೇ ಇತ್ತು! ಅಂದರೆ ಕೊನೆಯ ಪಕ್ಷ ಅಷ್ಟರಮಟ್ಟಿಗೆ ಅದು ಗಾಯದ ಗುರುತಲ್ಲ, ಗಾಯಕ್ಕೆ ಮುಂಚೆಯೇ ಇದ್ದ ಒಂದು ಸಡಿಲ. ಅಣ್ಣನನ್ನು ಹೇಡಿ ಎನ್ನುವವರು ಇದನ್ನೊಮ್ಮೆ ಯೋಚಿಸಬೇಕು. ಯಾರೂ ತಮ್ಮ ಹಿಪ್ಪೋಕ್ಯಾಂಪಸ್ಸನ್ನು ಆರಿಸಿಕೊಂಡು ಹುಟ್ಟುವುದಿಲ್ಲ.

ಆಘಾತದ ಹೊತ್ತಿನಲ್ಲಿ ಮನಸ್ಸಿಗೆ ಏನಾಯಿತು ಎಂಬುದೂ ಒಂದು ಸುಳಿವು. ಕೆಲವರು ಹೇಳುತ್ತಾರೆ: "ನಾನು ಅಲ್ಲಿ ಇದ್ದಿಲ್ಲ ಅನಿಸ್ತು, ಬ್ಯಾರೆ ಯಾರಿಗೋ ಆಗೋದನ್ನ ನೋಡಿದಂಗ ಇತ್ತು." ಸದ್ದು ದೂರವಾಗುತ್ತದೆ, ಹೊತ್ತು ನಿಂತುಹೋಗುತ್ತದೆ. 2003ರಲ್ಲಿ 68 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದವರಿಗೆ ಮುಂದಿನ ಕಾಯಿಲೆಯ ಸುಳಿವುಗಳಲ್ಲಿ ಎಲ್ಲಕ್ಕಿಂತ ಬಲವಾಗಿ ಕಂಡದ್ದು ಈ ಕಳಚಿಕೊಳ್ಳುವಿಕೆಯೇ. ನಾನು ಸತ್ತೇ ಹೋಗುತ್ತೇನೆ ಎಂಬ ಖಚಿತ ಭಯವೂ ಹಾಗೆಯೇ.

ಈ ಭಯಕ್ಕೆ ನೆರೆಯೇ ಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳಲ್ಲಿ, ದೇವದುರ್ಗದ ಹತ್ತಿ ಹೊಲಗಳಲ್ಲಿ ಅದು ಬರಿಗಾಲಿಗೆ ಕಾದು ಬಿದ್ದಿರುತ್ತದೆ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷದಲ್ಲಿ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು ಹನ್ನೆರಡು ಲಕ್ಷ ಎಂದು ಅಂದಾಜಾಗಿದೆ. ಕಡಿಸಿಕೊಂಡು ಬದುಕಿದವರು ಅದರ ಎಷ್ಟೋ ಪಾಲು. ಅವರ ಮನಸ್ಸಿನ ಗತಿಯನ್ನು ಶ್ರೀಲಂಕಾದ ವೈದ್ಯರು ವಿಚಾರಿಸಿದರು. 2011ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಕಡಿತವಾಗಿ ವರ್ಷ ಕಳೆದ ಮೇಲೂ ಸುಮಾರು ಐವರಲ್ಲಿ ಒಬ್ಬರಿಗೆ ಪಿಟಿಎಸ್‌ಡಿ ಇತ್ತು. ಕೆಲವರು ಹೊಲದ ಕೆಲಸವನ್ನೇ ಬಿಟ್ಟಿದ್ದರು. ಕರ್ನಾಟಕ ಸರಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಸಂಗತಿ ಎಂದು ಸಾರಿದ್ದು ಒಳ್ಳೆಯದೇ. ವಿಷ ಇಳಿದ ಮೇಲೆ ಆ ಕೂಲಿಯವಳು ಮತ್ತೆ ಗದ್ದೆಗೆ ಇಳಿಯುತ್ತಾಳೆಯೇ ಎಂದೂ ಯಾರಾದರೂ ಕೇಳಿದರೆ ಇನ್ನೂ ಒಳ್ಳೆಯದು. ಇಳಿಯದಿದ್ದರೆ ಅವಳು ಮೈಗಳ್ಳಿಯಲ್ಲ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಹೆಚ್ಚಿನದು ನಮ್ಮ ಕೈ ಮೀರಿದ್ದು. ಬಾಲ್ಯವನ್ನು ಹಿಂದಿರುಗಿ ತಿದ್ದಲಾಗದು, ಬಂದ ನೆರೆಯನ್ನು ಬಾರದಂತೆ ಮಾಡಲಾಗದು. ಕೈಯಲ್ಲಿರುವುದು ಆಘಾತದ ನಂತರದ ದಿನಗಳು. ಬ್ರೂಯಿನ್ ಮತ್ತು ಅವರ ಜೊತೆಯವರು 2000ದಲ್ಲಿ 77 ಅಧ್ಯಯನಗಳನ್ನು ಒಟ್ಟುಗೂಡಿಸಿ ಹದಿನಾಲ್ಕು ಅಂಶಗಳನ್ನು ಅಳೆದರು. ವಯಸ್ಸು, ಲಿಂಗ, ಓದು, ಹಿಂದಿನ ಕಾಯಿಲೆ, ಎಲ್ಲಕ್ಕೂ ಒಂದಿಷ್ಟು ತೂಕ ಕಂಡಿತು. ಆದರೆ ಅವೆಲ್ಲಕ್ಕಿಂತ ಹೆಚ್ಚು ತೂಗಿದವು ಮೂರು. ಒಂದು, ಪೆಟ್ಟಿನ ತೀವ್ರತೆ. ಉಳಿದ ಎರಡೂ ನಂತರದವು: ಆಸರೆಯಾಗಿ ನಿಲ್ಲುವವರು ಇಲ್ಲದಿರುವುದು ಮತ್ತು ಮೇಲಿಂದ ಮೇಲೆ ಬರುವ ಹೊಸ ಕಷ್ಟಗಳು.

ಇದನ್ನು ನಮ್ಮ ಜಿಲ್ಲೆಗೆ ತಂದು ನೋಡಿ. 2009ರ ನೆರೆಯ ನಂತರ ಸರಕಾರ ದಾನಿಗಳ ಜೊತೆಗೂಡಿ ಮನೆ ಕಟ್ಟಿಸಲು ಹೊರಟ ಯೋಜನೆಗೆ 'ಆಸರೆ' ಎಂದೇ ಹೆಸರಿಟ್ಟಿತು. ಹೆಸರು ಚೆನ್ನಾಗಿತ್ತು. ಎಷ್ಟೋ ಕುಟುಂಬಗಳಿಗೆ ಅದು ನಿಜವಾಗಿಯೂ ಆಸರೆಯಾಯಿತು. ಎಷ್ಟೋ ಕಡೆ ಮನೆಗಳು ತಡವಾದವು. ಕಟ್ಟಿದಲ್ಲಿಯೂ ದನಕ್ಕೆ ಜಾಗವಿಲ್ಲ, ಹೊಲ ದೂರ ಎಂದು ಜನ ಹಳೆಯ ಊರಿಗೇ ಮರಳಿದ ಉದಾಹರಣೆಗಳೂ ಇವೆ. ಹೀಗಿರುವಲ್ಲಿ ಅಣ್ಣ ತಮ್ಮಂದಿರ ನಮ್ಮ ಊಹೆಗೆ ಇನ್ನೊಂದು ವಿವರ ಸೇರಿಸಿಕೊಳ್ಳಿ. ತಮ್ಮನ ಹೆಂಡತಿಯ ತವರಿನವರು ಮರುದಿನವೇ ಬಂದು ಅವರನ್ನು ಕರೆದೊಯ್ದರು, ಜೋಳ ಕೊಟ್ಟರು, ಎತ್ತು ಕೊಟ್ಟರು. ಅಣ್ಣ ಪರಿಹಾರದ ಪಟ್ಟಿಯಲ್ಲಿ ಹೆಸರು ಸೇರಿಸಲು ಕಚೇರಿಯಿಂದ ಕಚೇರಿಗೆ ಅಲೆದ, ಸಾಲಗಾರನಿಗೆ ಉತ್ತರ ಹೇಳಿದ, ಕೊನೆಗೆ ಗುಳೆ ಎದ್ದು ಬೆಂಗಳೂರಿನಲ್ಲಿ ಯಾರದೋ ಕಟ್ಟಡದ ತಗಡಿನ ಶೆಡ್ಡಿನಲ್ಲಿ ಬಿದ್ದುಕೊಂಡ. ಅಲ್ಲಿ ಮಳೆ ತಗಡಿನ ಮೇಲೆ ಬೀಳುವ ಸದ್ದನ್ನು ಊಹಿಸಿ. ಕಟ್ಟೆಯವರು ಕೇಳಿದ ಪ್ರಶ್ನೆಗೆ ಉತ್ತರ ಅವನ ಎದೆಯೊಳಗೆ ಎಷ್ಟಿತ್ತೋ ಅಷ್ಟೇ ತಹಶೀಲ್ದಾರರ ಕಚೇರಿಯ ಸಾಲಿನಲ್ಲೂ ಇತ್ತು.

ಅಪಾಯದ ಅಂಶ ಎಂದರೆ ಹಣೆಬರಹವಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಬೀಡಿ ಸೇದುವವರಿಗೆಲ್ಲ ಶ್ವಾಸಕೋಶದ ಕ್ಯಾನ್ಸರ್ ಬರುವುದಿಲ್ಲ, ಸೇದದ ಕೆಲವರಿಗೂ ಬರುತ್ತದೆ. ಆದರೂ ಸಾವಿರ ಜನರ ಲೆಕ್ಕದಲ್ಲಿ ಬೀಡಿಯ ಕೈವಾಡ ಸ್ಪಷ್ಟ. ಇದೂ ಅಂಥದೇ. ಎಲ್ಲ ಅಂಶ ಕೂಡಿದವನೂ ಗಟ್ಟಿಯಾಗಿ ಉಳಿಯಬಹುದು, ಯಾವುದೂ ಇಲ್ಲದವನೂ ಕುಸಿಯಬಹುದು. ಈ ಲೆಕ್ಕ ಯಾರನ್ನೂ ಗುರುತು ಹಾಕಿ ಬೇರೆ ಕೂರಿಸಲಿಕ್ಕಲ್ಲ, ಯಾರ ಮನೆಯ ಬಾಗಿಲಿಗೆ ಮೊದಲು ಹೋಗಬೇಕು ಎಂದು ತಿಳಿಯಲಿಕ್ಕೆ.

ಆಸರೆ ಎಂದರೆ ಏನು ಎಂಬುದೂ ವಿಚಾರ ಮಾಡತಕ್ಕದ್ದು. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಹೆಚ್ಚಿನವರು ಮಕ್ಕಳು. ನಿಮ್ಹಾನ್ಸ್‌ನ ತಜ್ಞರು ಅಂದು ಸತ್ತವರ ಬಂಧುಗಳ ಶೋಕವನ್ನು ಅಧ್ಯಯನ ಮಾಡಿದರು. ಮಹಾದುರಂತದ ನಂತರ ಉಳಿದವರ ಮನಸ್ಸಿನ ಗತಿಯನ್ನು ವೈದ್ಯರು ಶಾಸ್ತ್ರೀಯವಾಗಿ ವಿಚಾರಿಸಿದ ನಮ್ಮ ನಾಡಿನ ಮೊದಮೊದಲ ಪ್ರಯತ್ನಗಳಲ್ಲಿ ಇದು ಒಂದು. ಆಟ ತೋರಿಸಲು ಮಗುವನ್ನು ತಾನೇ ಕಳಿಸಿಕೊಟ್ಟ ತಾಯಿಗೆ ಬೆಂಕಿಯ ಜೊತೆ ಇನ್ನೊಂದು ಸುಡುವಿಕೆ ಇರುತ್ತದೆ: ನಾನೇ ಕಳಿಸಿದೆ. ಈ ತಪ್ಪಿತಸ್ಥ ಭಾವ ಕಾಯಿಲೆಯನ್ನು ಹಿಡಿದಿಟ್ಟುಕೊಳ್ಳುವ ದೊಡ್ಡ ಕೊಂಡಿ. ಸುತ್ತಲಿನವರು "ನೀನ್ಯಾಕ ಕಳಿಸಿದಿ?" ಎಂದರೆ ಕೊಂಡಿ ಇನ್ನೂ ಬಿಗಿಯುತ್ತದೆ. ಆಸರೆ ಇಲ್ಲದಿರುವುದಕ್ಕಿಂತ ಚುಚ್ಚುವ ಆಸರೆ ಕೆಡುಕಿನದು.

ನಮ್ಮ ಕಡೆ ಸಾವಿನ ಮನೆಗೆ ಮಾತಾಡಿಸಲು ಹೋಗುವ ಪದ್ಧತಿ ಇದೆ. ಹೋದವರು ಬಹಳ ಹೊತ್ತು ಮಾತೇ ಆಡುವುದಿಲ್ಲ, ಕುಳಿತು ಬರುತ್ತಾರೆ. ಇದರಲ್ಲಿ ಒಂದು ವಿವೇಕ ಇದೆ. ಪಶ್ಚಿಮದ ದೇಶಗಳಲ್ಲಿ ಕೆಲವು ವರ್ಷ ಇನ್ನೊಂದು ಪದ್ಧತಿ ಬಹಳ ಬಳಕೆಯಲ್ಲಿತ್ತು. ದುರಂತ ನಡೆದ ಒಂದೆರಡು ದಿನಗಳಲ್ಲೇ ಸಿಬ್ಬಂದಿ ಬಂದು, ಬದುಕುಳಿದವರನ್ನು ಕೂರಿಸಿ, ನಡೆದದ್ದೆಲ್ಲವನ್ನೂ ಒಂದೇ ಬೈಠಕ್ಕಿನಲ್ಲಿ ಬಾಯಿಬಿಟ್ಟು ಹೇಳಿಸುವುದು. ಹೇಳಿದರೆ ಹಗುರವಾಗುತ್ತದೆ ಎಂಬ ನಂಬಿಕೆ. ಪ್ರಯೋಗಗಳನ್ನು 2002ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಇದರಿಂದ ಕಾಯಿಲೆ ತಡೆಯಲಾಗಲಿಲ್ಲ ಎಂದು ಕಂಡಿತು. ಒಂದೆರಡು ಪ್ರಯೋಗಗಳಲ್ಲಿ ಹೇಳಿಸಿಕೊಂಡವರ ಸ್ಥಿತಿಯೇ ಕೆಟ್ಟಿತ್ತು. ಹಸಿ ಗಾಯವನ್ನು ಕೆದಕಬಾರದು ಎಂದು ನಮ್ಮ ಅಜ್ಜಿಯರು ಹೇಳಿದ್ದು ಮೈಗಷ್ಟೇ ಅಲ್ಲ. ನೆರೆ ಸಂತ್ರಸ್ತರ ಮುಂದೆ ಮೈಕು ಹಿಡಿದು "ಆ ಕ್ಷಣ ನಿಮಗೆ ಏನನ್ನಿಸಿತು?" ಎಂದು ಕೇಳುವವರಿಗೂ ಈ ಮಾತು ಸಲ್ಲುತ್ತದೆ.

ಮೊದಲ ದಿನಗಳಲ್ಲಿ ಬೇಕಾದದ್ದು ಸರಳ: ಒಣ ಜಾಗ, ಊಟ, ನಿದ್ದೆ, ಕಾಣೆಯಾದವರ ಸುದ್ದಿ, ಒಂದೇ ಓಣಿಯವರನ್ನು ಚದುರಿಸದೆ ಒಂದೇ ಕಡೆ ಇರಿಸುವುದು. ತಾನಾಗಿ ಹೇಳಿಕೊಂಡರೆ ಕೇಳಿಸಿಕೊಳ್ಳುವುದು. ಪರಿಹಾರದ ಹಣ ಬೇಗ ಕೈಸೇರಿಸುವುದೂ ಮನೋವೈದ್ಯವೇ ಎಂದರೆ ಯಾರೂ ನಗಬೇಕಿಲ್ಲ, ಮೇಲೆ ಹೇಳಿದ 77 ಅಧ್ಯಯನಗಳ ಸಾರ ಹೆಚ್ಚುಕಡಿಮೆ ಅದೇ. ಕುಡಿತಕ್ಕೆ ಬಿದ್ದವರ ಮೇಲೆ ಕಣ್ಣಿಡಬೇಕು. ನಿದ್ದೆ ಬರಲಿ ಎಂದು ಹಿಡಿದ ಸೆರೆ ಕಾಯಿಲೆಯನ್ನು ಮುಚ್ಚುತ್ತದೆಯೇ ಹೊರತು ಇಳಿಸುವುದಿಲ್ಲ.

ತಿಂಗಳು ಕಳೆದರೂ ಇಳಿಯದಿದ್ದರೆ ವೈದ್ಯರ ಬಳಿ ಹೋಗಬೇಕು. ಅದಕ್ಕಾಗಿ ಬೆಂಗಳೂರಿಗೇ ಹೋಗಬೇಕೆಂದಿಲ್ಲ ಎಂಬ ಯೋಚನೆಯನ್ನು ಮಾಡಿ ನೋಡಿದ್ದು ರಾಯಚೂರಿನ ನೆರೆಯಲ್ಲೇ. 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನಸ್ಸಿನ ಕಾಯಿಲೆಗಳನ್ನು ಗುರುತಿಸಿ ಚಿಕಿತ್ಸೆ ಕೊಡಲು ತರಬೇತಿ ಕೊಟ್ಟರು. 'ಬಳ್ಳಾರಿ ಮಾದರಿ' ಎಂದು ಹೆಸರಾದ ಇದನ್ನೇ ಆಧಾರವಾಗಿಟ್ಟುಕೊಂಡು ಕೇಂದ್ರ ಸರಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ದೇಶಕ್ಕೆ ಹರಡತೊಡಗಿತು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಣವಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.

ಚಿಕಿತ್ಸೆಯ ವಿಷಯಕ್ಕೆ ಬಂದರೆ, ಮೊದಲ ವಾರದಲ್ಲಿ ಬೇಡವೆಂದ ಕಥೆ ಹೇಳುವಿಕೆ ಇಲ್ಲಿ ಬೇರೆ ರೂಪದಲ್ಲಿ ಮರಳಿ ಬರುತ್ತದೆ. ತರಬೇತಿ ಪಡೆದವರ ಜೊತೆ, ವಾರಕ್ಕೊಮ್ಮೆಯಂತೆ ಎರಡು ಮೂರು ತಿಂಗಳು, ರೋಗಿ ತನ್ನ ಹದದಲ್ಲಿ ಆ ರಾತ್ರಿಯ ಹತ್ತಿರ ಹೋಗುತ್ತಾನೆ. ಮೊದಲ ಸಲ ಬಾಗಿಲವರೆಗೆ, ಮುಂದಿನ ಸಲ ಒಳಗೆ. ತಪ್ಪಿಸಿಕೊಂಡು ತಿರುಗುತ್ತಿದ್ದ ಜಾಗಕ್ಕೆ ನಿಧಾನವಾಗಿ ಕಾಲಿಡುತ್ತಾನೆ. ಮೋಡ ಕಟ್ಟಿದಾಗ ಹೊರಗೆ ಓಡದೆ ಹತ್ತು ನಿಮಿಷ ಮಾಳಿಗೆಯ ಕೆಳಗೆ ಕುಳಿತು, ಎದೆಬಡಿತ ಏರಿ ಮತ್ತೆ ತಾನಾಗಿ ಇಳಿಯುವುದನ್ನು ಕಾಣುತ್ತಾನೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಹಲವರಿಗೆ ನೆರವಾಗುತ್ತವೆ. ಎಲ್ಲರಿಗೂ ಪೂರ್ತಿ ವಾಸಿಯಾಗುತ್ತದೆ ಎಂದಲ್ಲ, ಆದರೆ ಕಾಯಿಲೆ ಹತ್ತು ವರ್ಷ ಹಳೆಯದಾದರೂ ಈ ಚಿಕಿತ್ಸೆ ನಾಟಬಲ್ಲದು.